ಸೋಮವಾರದ ಬಾಗಿಲು: ವೃತ್ತಿಪರ ಗಾಲ್ಫಿನ ಒಡಕು ಕೇಳುವ ಎರಡು ಪ್ರಶ್ನೆಗಳು



ಕ್ರೀಡೆ ಮತ್ತು ಸಾರ್ವಜನಿಕ ಬದುಕಿನ ಸಂಬಂಧವನ್ನು ಕುರಿತ ಈ ಉಪನ್ಯಾಸಕ್ಕೆ ನಾನು ಗಾಲ್ಫನ್ನು ಆರಿಸಿಕೊಂಡಿದ್ದೇನೆ. ನಮ್ಮಲ್ಲಿ ಈ ಆಟವನ್ನು ಆಡುವವರೂ ಕಡಿಮೆ, ನೋಡುವವರೂ ಕಡಿಮೆ. ಆದರೂ 2022ರಿಂದೀಚೆಗೆ ಅದರ ಆಡಳಿತದಲ್ಲಿ ಎದ್ದಿರುವ ಜಗಳ ಎಲ್ಲ ಆಟಗಳಿಗೂ ಸಲ್ಲುವ ಎರಡು ಪ್ರಶ್ನೆಗಳನ್ನು ಮುಂದಿಟ್ಟಿದೆ. ಆಟಗಾರ ತನ್ನ ದುಡಿಮೆಯನ್ನು ಯಾರಿಗೆ ಕೊಡಬೇಕೆಂದು ತೀರ್ಮಾನಿಸುವ ಅಧಿಕಾರ ಯಾರದು ಎಂಬುದು ಮೊದಲನೆಯದು. ಹೆಸರು ಮಾಡದ ಆಟಗಾರನಿಗೆ ಒಳಗೆ ಬರಲು ದಾರಿ ಎಲ್ಲಿದೆ ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಹೊಸ ಲೀಗ್ ಆದ ಲಿವ್ ಗಾಲ್ಫ್ ಸರಿಯಾದ ಉತ್ತರ ಕೊಟ್ಟಿತು, ಎರಡನೆಯದರಲ್ಲಿ ತಪ್ಪಿತು. ಅಮೆರಿಕದ ವೃತ್ತಿಪರ ಟೂರ್ನಿಗಳನ್ನು ನಡೆಸುವ ಹಳೆಯ ಪಿಜಿಎ ಟೂರ್ ಮೊದಲನೆಯದರಲ್ಲಿ ತಪ್ಪಿತ್ತು, ಎರಡನೆಯದರಲ್ಲಿ ಸರಿಯಿತ್ತು. ಆದರೆ ಪೈಪೋಟಿ ಬಿಸಿಯೇರಿದ ಹಾಗೆ ಹಳೆಯ ಟೂರ್ ತನ್ನ ಈ ಒಳ್ಳೆಯ ಗುಣವನ್ನೇ ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತ ಬಂದಿದೆ. ಈ ಜಗಳದ ನಿಜವಾದ ನಷ್ಟ ಅದೇ ಎಂಬುದು ನನ್ನ ವಾದ.

ಮೊದಲು ನಡೆದದ್ದನ್ನು ನೋಡೋಣ. 2022ರ ಜೂನ್ 9ರಂದು ಲಂಡನ್ನಿನ ಉತ್ತರಕ್ಕಿರುವ ಸೆಂಚುರಿಯನ್ ಕ್ಲಬ್ಬಿನಲ್ಲಿ ಲಿವ್ ಗಾಲ್ಫ್ ಲೀಗಿನ ಮೊದಲ ಪಂದ್ಯ ಶುರುವಾಯಿತು. ಹಣ ಹೂಡಿದ್ದು ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿ, ನೇತೃತ್ವ ಆಸ್ಟ್ರೇಲಿಯಾದ ಹಿರಿಯ ಆಟಗಾರ ಗ್ರೆಗ್ ನಾರ್ಮನ್ ಅವರದು. ನಾಲ್ಕು ದಿನ 72 ಹೋಲ್ ಆಡುವ ರೂಢಿಯನ್ನು ಬಿಟ್ಟು ಮೂರು ದಿನ 54 ಹೋಲ್ ಆಟ. 48 ಆಟಗಾರರು, ನಾಲ್ಕು ನಾಲ್ಕು ಜನರ 12 ತಂಡ. ಎಲ್ಲರೂ ಒಂದೇ ಹೊತ್ತಿಗೆ ಬೇರೆ ಬೇರೆ ಹೋಲ್‌ಗಳಿಂದ ಆರಂಭ. ಮಧ್ಯದಲ್ಲಿ ಯಾರನ್ನೂ ಹೊರಗೆ ಕಳಿಸುವಂತಿಲ್ಲ. ಒಟ್ಟು ಬಹುಮಾನ 2.5 ಕೋಟಿ ಡಾಲರ್. ಗೆದ್ದ ದಕ್ಷಿಣ ಆಫ್ರಿಕಾದ ಷಾರ್ಲ್ ಶ್ವಾರ್ಟ್‌ಜೆಲ್ ಅವರಿಗೆ ತಂಡದ ಪಾಲೂ ಸೇರಿ 47.5 ಲಕ್ಷ ಡಾಲರ್ ಬಂತು. ಕಟ್ಟಕಡೆಯ ಸ್ಥಾನದಲ್ಲಿದ್ದವರಿಗೂ 1.2 ಲಕ್ಷ ಡಾಲರ್ ಸಿಕ್ಕಿತು. ಮೊದಲ ಹೊಡೆತ ಬಿದ್ದ ದಿನವೇ ಪಿಜಿಎ ಟೂರ್ ಕಮಿಷನರ್ ಜೇ ಮೊನಾಹನ್ ಅಲ್ಲಿಗೆ ಹೋದ ತಮ್ಮ ಸದಸ್ಯರನ್ನು ಅಮಾನತು ಮಾಡಿದರು. ಆಗಸ್ಟಿನಲ್ಲಿ ಫಿಲ್ ಮಿಕಲ್ಸನ್ ಸೇರಿದಂತೆ 11 ಆಟಗಾರರು ಟೂರ್ ಏಕಸ್ವಾಮ್ಯ ನಡೆಸುತ್ತಿದೆ ಎಂದು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿದರು. ಆದರೆ 2023ರ ಜೂನ್ 6ರಂದು ಪಿಜಿಎ ಟೂರ್, ಯುರೋಪಿನ ಡಿಪಿ ವರ್ಲ್ಡ್ ಟೂರ್ ಮತ್ತು ಸೌದಿ ನಿಧಿ ಒಟ್ಟಿಗೆ ಕೂತು ರಾಜಿಯ ಚೌಕಟ್ಟೊಂದನ್ನು ಪ್ರಕಟಿಸಿದವು. ದಾವೆಗಳು ಮುಚ್ಚಿಹೋದವು. ಆ ವರ್ಷದ ಕೊನೆಗೆ ಹಾಕಿಕೊಂಡಿದ್ದ ಗಡುವಿನೊಳಗೆ ಅಂತಿಮ ಒಪ್ಪಂದವೂ ಆಗಲಿಲ್ಲ. ಮೂಲ ಪ್ರಶ್ನೆಗೆ ನ್ಯಾಯಾಲಯದ ಉತ್ತರ ಸಿಗಲೇ ಇಲ್ಲ.

ಆ ಪ್ರಶ್ನೆಯ ತೂಕ ತಿಳಿಯಬೇಕಾದರೆ ವೃತ್ತಿಪರ ಗಾಲ್ಫರ್‌ನ ಬದುಕು ಹೇಗೆ ಸಾಗುತ್ತದೆ ಎಂಬುದನ್ನು ಗಮನಿಸಬೇಕು. ಅವನಿಗೆ ಸಂಬಳವಿಲ್ಲ. ವಿಮಾನದ ಟಿಕೆಟ್ಟು, ಹೋಟೆಲು, ಕ್ಯಾಡಿಯ ಕೂಲಿ, ತರಬೇತುದಾರನ ಶುಲ್ಕ ಎಲ್ಲವೂ ಅವನ ಜೇಬಿನಿಂದಲೇ ಹೋಗಬೇಕು. ಗುರುವಾರ, ಶುಕ್ರವಾರ ಎರಡು ಸುತ್ತು ಆಡಿದ ಮೇಲೆ ಕಟ್ ಬೀಳುತ್ತದೆ. ಪಿಜಿಎ ಟೂರ್‌ನ ಸಾಮಾನ್ಯ ಟೂರ್ನಿಯಲ್ಲಿ ಮೊದಲ 65 ಸ್ಥಾನ ಮತ್ತು ಅವರ ಸಮ ಸಮಕ್ಕೆ ಬಂದವರು ಮಾತ್ರ ವಾರಾಂತ್ಯಕ್ಕೆ ಉಳಿಯುತ್ತಾರೆ. ಒಂದೇ ಹೊಡೆತದಿಂದ ಹೊರಬಿದ್ದವನು ಬಹುಮಾನವಿಲ್ಲದೆ ಊರಿಗೆ ಹೊರಡುತ್ತಾನೆ. ಅಂದರೆ ಆತ ಟೂರ್‌ನ ನೌಕರನಲ್ಲ, ತನ್ನ ಹೊಣೆಯನ್ನು ತಾನೇ ಹೊತ್ತ ಸ್ವತಂತ್ರ ದುಡಿಮೆಗಾರ. ಆದರೂ ಸದಸ್ಯತ್ವದ ಜೊತೆಗೆ ಅವನ ಮೇಲೆ ಎರಡು ಕಟ್ಟುಪಾಡು ಬೀಳುತ್ತವೆ. ಟೂರ್‌ನ ಪಂದ್ಯವಿರುವ ವಾರ ಬೇರೆ ಕಡೆ ಆಡಬೇಕಾದರೆ ಕಮಿಷನರ್ ಅನುಮತಿ ಬೇಕು. ಉತ್ತರ ಅಮೆರಿಕದೊಳಗಿನ ಪೈಪೋಟಿ ಪಂದ್ಯಕ್ಕಾದರೆ ಆ ಅನುಮತಿ ಸಿಗುವುದಿಲ್ಲ. ಟಿವಿಯಲ್ಲಿ ಬರುವ ಹೊರಗಿನ ಗಾಲ್ಫ್ ಕಾರ್ಯಕ್ರಮದಲ್ಲಿ ಆಡುವುದಕ್ಕೂ ಒಪ್ಪಿಗೆ ಬೇಕು. ನಷ್ಟ ಬಂದಾಗ ಸ್ವತಂತ್ರ, ಲಾಭದ ದಾರಿ ಕಂಡಾಗ ಅಧೀನ ಎಂಬ ಈ ಏರ್ಪಾಡು ನ್ಯಾಯವಾದುದಲ್ಲ.

ಈ ಟೂರ್ ಹುಟ್ಟಿದ್ದೇ ಇಂಥದೊಂದು ಬಂಡಾಯದಿಂದ ಎಂಬುದನ್ನು ಮರೆಯಬಾರದು. 1968ರವರೆಗೆ ಅಮೆರಿಕದ ಟೂರ್ನಿಗಳನ್ನು ನಡೆಸುತ್ತಿದ್ದದ್ದು ಕ್ಲಬ್ಬುಗಳಲ್ಲಿ ಆಟ ಕಲಿಸುವ ವೃತ್ತಿಪರರ ಸಂಘವಾದ ಪಿಜಿಎ ಆಫ್ ಅಮೆರಿಕ. ಟಿವಿ ಹಣ ಹರಿದುಬರತೊಡಗಿದಾಗ, ಊರೂರು ತಿರುಗಿ ಆಡುವವರು ನಾವು, ವೇಳಾಪಟ್ಟಿಯೂ ಹಣವೂ ನಮ್ಮ ಕೈಯಲ್ಲಿರಬೇಕು ಎಂದು ಜ್ಯಾಕ್ ನಿಕ್ಲಾಸ್ ಮೊದಲಾದ ಆಟಗಾರರು ಪಟ್ಟುಹಿಡಿದು ಬೇರೆ ಸಂಘ ಕಟ್ಟಿದರು. ಆ ವರ್ಷದ ಡಿಸೆಂಬರಿನಲ್ಲಿ ರಾಜಿಯಾಗಿ, ಆಟಗಾರರ ಪ್ರತ್ಯೇಕ ವಿಭಾಗ ಏರ್ಪಟ್ಟಿತು. ಇಂದಿನ ಪಿಜಿಎ ಟೂರ್ ಬೆಳೆದದ್ದು ಅದರಿಂದ. ಇಪ್ಪತ್ತಾರು ವರ್ಷಗಳ ಮೇಲೆ, 1994ರಲ್ಲಿ, ಇದೇ ಗ್ರೆಗ್ ನಾರ್ಮನ್ ರೂಪರ್ಟ್ ಮರ್ಡಾಕ್ ಅವರ ಫಾಕ್ಸ್ ಟಿವಿಯ ಬೆಂಬಲದಿಂದ ಅಗ್ರ ಆಟಗಾರರ ವಿಶ್ವ ಟೂರ್ ಒಂದನ್ನು ಪ್ರಕಟಿಸಿದರು. ಟೂರ್ ಅದೇ ಎರಡು ನಿಯಮಗಳನ್ನು ಮುಂದೆ ಹಿಡಿಯಿತು, ಯೋಜನೆ ನೆಲಕಚ್ಚಿತು. ಆ ನಿಯಮಗಳನ್ನು ತನಿಖೆಗೆ ಒಳಪಡಿಸಿದ್ದ ಅಮೆರಿಕದ ಫೆಡರಲ್ ವ್ಯಾಪಾರ ಆಯೋಗ 1995ರಲ್ಲಿ ಕ್ರಮವಿಲ್ಲದೆ ಕಡತ ಮುಚ್ಚಿತು. 1999ರ ಹೊತ್ತಿಗೆ ವಿಶ್ವದ ಅಗ್ರ ಆಟಗಾರರನ್ನು ಒಂದೆಡೆ ಸೇರಿಸುವ ಹೊಸ ಟೂರ್ನಿಗಳನ್ನು ಟೂರ್‌ಗಳೇ ಶುರುಮಾಡಿದವು.

ಹೊಸಬರ ಸವಾಲು ಆಟಗಾರನ ಬಾಳನ್ನು ಹಸನು ಮಾಡುತ್ತದೆ ಎಂಬುದಕ್ಕೆ ಕ್ರಿಕೆಟ್ಟಿನ ಸಾಕ್ಷಿಯೂ ನಮ್ಮ ಮುಂದಿದೆ. 1977ರಲ್ಲಿ ಆಸ್ಟ್ರೇಲಿಯಾದ ಟಿವಿ ಉದ್ಯಮಿ ಕೆರಿ ಪ್ಯಾಕರ್ ವಿಶ್ವ ಸರಣಿ ಆರಂಭಿಸಿದಾಗ ಅಲ್ಲಿಗೆ ಹೋದವರಿಗೆ ಐಸಿಸಿ ಮತ್ತು ಇಂಗ್ಲೆಂಡಿನ ಮಂಡಳಿ ನಿಷೇಧ ಹೇರಹೊರಟವು. ಟೋನಿ ಗ್ರೆಗ್ ಮತ್ತಿತರರು ಹೂಡಿದ ದಾವೆಯಲ್ಲಿ ಲಂಡನ್ನಿನ ಹೈಕೋರ್ಟಿನ ನ್ಯಾಯಮೂರ್ತಿ ಸ್ಲೇಡ್, ಆ ನಿಷೇಧ ದುಡಿಯುವ ಹಕ್ಕಿಗೆ ಅಡ್ಡಬರುವ ಅನುಚಿತ ನಿರ್ಬಂಧ ಎಂದು ತೀರ್ಪಿತ್ತರು. ನಮ್ಮಲ್ಲಿ 2007ರಲ್ಲಿ ಇಂಡಿಯನ್ ಕ್ರಿಕೆಟ್ ಲೀಗ್ ಸೇರಿದವರನ್ನು ಬಿಸಿಸಿಐ ಹೊರಗಿಟ್ಟಿತು. ಮರುವರ್ಷವೇ ಅದೇ ಅಚ್ಚಿನ ಐಪಿಎಲ್ ಬಂತು. ಬೇರೆ ಯಾವ ಪೈಪೋಟಿ ಲೀಗಿಗೂ ಮಾನ್ಯತೆ ಕೊಡುವುದಿಲ್ಲ ಎಂದು ಪ್ರಸಾರ ಒಪ್ಪಂದದಲ್ಲಿ ಬರೆದುಕೊಟ್ಟದ್ದಕ್ಕಾಗಿ 2013ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಬಿಸಿಸಿಐಗೆ 52.24 ಕೋಟಿ ರೂಪಾಯಿ ದಂಡ ಹಾಕಿತು. ಮೇಲ್ಮನವಿಯಲ್ಲಿ ಆ ಆದೇಶ ರದ್ದಾದರೂ 2017ರಲ್ಲಿ ಆಯೋಗ ಮರುವಿಚಾರಣೆ ನಡೆಸಿ ಅಷ್ಟೇ ದಂಡವನ್ನು ಮತ್ತೆ ವಿಧಿಸಿತು. ಗಾಲ್ಫಿನಲ್ಲಿ ಆದದ್ದೂ ಇದೇ. ಟೂರ್‌ನ ಹೆಮ್ಮೆಯ ಪ್ಲೇಯರ್ಸ್ ಚಾಂಪಿಯನ್‌ಷಿಪ್‌ನ ಬಹುಮಾನ ಮೊತ್ತ 2021ರಲ್ಲಿ 1.5 ಕೋಟಿ ಡಾಲರ್ ಇದ್ದದ್ದು 2023ರಲ್ಲಿ 2.5 ಕೋಟಿಗೆ ಏರಿತು. 2024ರ ಜನವರಿಯಲ್ಲಿ ಅಮೆರಿಕದ ಕ್ರೀಡಾ ಹೂಡಿಕೆದಾರರ ಕೂಟ ಟೂರ್‌ನ ಹೊಸ ವಾಣಿಜ್ಯ ಕಂಪನಿಗೆ ಆರಂಭದಲ್ಲಿ 150 ಕೋಟಿ ಡಾಲರ್ ಹಾಕಲು ಒಪ್ಪಿತು, ಆಟಗಾರರಿಗೆ ಅದರಲ್ಲಿ ಷೇರು ದೊರೆಯಿತು. ಇದಾವುದೂ ಲಿವ್ ಗಾಲ್ಫ್ ಎದುರಿಗೆ ನಿಲ್ಲದಿದ್ದರೆ ಇಷ್ಟು ಬೇಗ ಆಗುತ್ತಿರಲಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪವಿದೆ. ನಿಯಮಗಳನ್ನು ಓದಿ ಸಹಿ ಮಾಡಿದ ಸದಸ್ಯರು ಹೊಸ ಯಜಮಾನ ಸಿಕ್ಕಾಗ ಅವನ್ನು ಮುರಿದರೆ ಶಿಕ್ಷೆ ತಪ್ಪೇನು? ವಾರ ವಾರ ಟೂರ್ನಿ ನಡೆಸುವವರು ಪ್ರಾಯೋಜಕರಿಗೆ ಕೊಟ್ಟ ಮಾತು ಉಳಿಸಿಕೊಳ್ಳುವುದು ಹೇಗೆ? 2023ರ ಏಪ್ರಿಲಿನಲ್ಲಿ ಬ್ರಿಟನ್ನಿನ ಮಧ್ಯಸ್ಥಿಕೆ ಮಂಡಳಿ ಈ ವಾದವನ್ನೇ ಎತ್ತಿಹಿಡಿದು, ಅನುಮತಿಯಿಲ್ಲದೆ ಆಡಿದವರಿಗೆ ಡಿಪಿ ವರ್ಲ್ಡ್ ಟೂರ್ ಹಾಕಿದ್ದ ತಲಾ ಒಂದು ಲಕ್ಷ ಪೌಂಡ್ ದಂಡವನ್ನು ಊರ್ಜಿತಗೊಳಿಸಿತು. ವೇಳಾಪಟ್ಟಿಯನ್ನು ಕಾಪಾಡಲು ನಿಯಮ ಬೇಕು, ಮುರಿದವನು ದಂಡ ತೆರಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ದಂಡ ಬೇರೆ, ಕೊನೆಯ ದಿನಾಂಕವಿಲ್ಲದ ಬಹಿಷ್ಕಾರ ಬೇರೆ. 2023ರ ಡಿಸೆಂಬರಿನಲ್ಲಿ ಫುಟ್ಬಾಲ್ ಸೂಪರ್ ಲೀಗ್ ಪ್ರಕರಣದಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಗೆರೆ ಎಳೆದದ್ದು ಇಲ್ಲಿಯೇ. ಹೊಸ ಸ್ಪರ್ಧೆಗೆ ಪೂರ್ವಾನುಮತಿ ಕೇಳುವುದು ತನ್ನಷ್ಟಕ್ಕೆ ತಪ್ಪಲ್ಲ. ಆದರೆ ಅನುಮತಿ ಕೊಡುವ, ನಿರಾಕರಿಸುವ ಮಾನದಂಡಗಳು ಮೊದಲೇ ತಿಳಿದಿರಬೇಕು, ಪಾರದರ್ಶಕವಾಗಿರಬೇಕು, ಎಲ್ಲರಿಗೂ ಒಂದೇ ಆಗಿರಬೇಕು. ಪೈಪೋಟಿಯಲ್ಲಿ ತಾನೇ ಒಬ್ಬ ಕಕ್ಷಿಯಾದ ಸಂಸ್ಥೆ ನ್ಯಾಯಾಧೀಶನ ಪೀಠದಲ್ಲೂ ಕೂರುವುದಾದರೆ ಈ ಮೂರು ಷರತ್ತುಗಳೇ ಆಟಗಾರನಿಗಿರುವ ರಕ್ಷೆ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಪಿಜಿಎ ಟೂರ್‌ನಲ್ಲಿ ಸೋಮವಾರದ ಅರ್ಹತಾ ಸುತ್ತು ಎಂಬ ಹಳೆಯ ಪದ್ಧತಿಯಿದೆ. ಟೂರ್ನಿ ಗುರುವಾರ ಶುರುವಾಗುವ ಮೊದಲು, ಸೋಮವಾರ, ಹತ್ತಿರದ ಯಾವುದೋ ಕೋರ್ಸಿನಲ್ಲಿ ಕಾರ್ಡ್, ಅಂದರೆ ಟೂರ್‌ನಲ್ಲಿ ಆಡುವ ಹಕ್ಕು, ಇಲ್ಲದವರು 18 ಹೋಲ್ ಆಡುತ್ತಾರೆ. ಅವರಲ್ಲಿ ಸಾಮಾನ್ಯವಾಗಿ ನಾಲ್ವರಿಗೆ ಪ್ರವೇಶ ಸಿಗುತ್ತಿತ್ತು. 2010ರ ಆಗಸ್ಟಿನಲ್ಲಿ ಕೋಲ್ಕತ್ತದಲ್ಲಿ ಆಟ ಕಲಿತ ಅರ್ಜುನ್ ಅಟ್ವಾಲ್ ಹೀಗೆ ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋದಲ್ಲಿ ಸರತಿಗೆ ನಿಂತರು. ಗಾಯದಿಂದ ಆಡಲಾಗದೆ, ಸ್ವಲ್ಪವೇ ದಿನಗಳ ಹಿಂದೆ ಅವರು ಟೂರ್ ಕಾರ್ಡ್ ಕಳೆದುಕೊಂಡಿದ್ದರು. ಸೋಮವಾರ ಅರ್ಹತೆ ಗಳಿಸಿದರು, ಗುರುವಾರ ಮೊದಲ ಸುತ್ತಿನಲ್ಲಿ 61 ಹೊಡೆದರು, ಭಾನುವಾರ ಡೇವಿಡ್ ಟಾಮ್ಸ್ ಅವರನ್ನು ಒಂದೇ ಹೊಡೆತದಿಂದ ಹಿಂದಿಕ್ಕಿ ವಿಂಡಮ್ ಚಾಂಪಿಯನ್‌ಷಿಪ್ ಗೆದ್ದರು. ಪಿಜಿಎ ಟೂರ್‌ನ ಟೂರ್ನಿಯೊಂದನ್ನು ಗೆದ್ದ ಮೊದಲ ಭಾರತೀಯ ಅವರು. ಸೋಮವಾರದ ಸುತ್ತಿನಿಂದ ಬಂದು ಗೆದ್ದವರು ಅದಕ್ಕೆ ಹಿಂದಿನ 24 ವರ್ಷಗಳಲ್ಲಿ ಯಾರೂ ಇರಲಿಲ್ಲ. 2019ರಲ್ಲಿ ಕೆನಡಾದ ಕೋರಿ ಕಾನರ್ಸ್, ಆರು ಜನ ಸಮಬಲರಾಗಿ ಉಳಿದಿದ್ದ ಒಂದೇ ಸ್ಥಾನವನ್ನು ಸೋಮವಾರ ಗೆದ್ದು ಟೆಕ್ಸಾಸ್ ಓಪನ್ ಪ್ರವೇಶಿಸಿದರು. ಆ ಟೂರ್ನಿಯನ್ನೂ ಗೆದ್ದು ಮರುವಾರ ಪ್ರತಿಷ್ಠಿತ ಮಾಸ್ಟರ್ಸ್ ಟೂರ್ನಿ ಆಡಲು ಅಗಸ್ಟಾಗೆ ಹೋದರು. ಇಂಥ ಗೆಲುವುಗಳು ಅಪರೂಪ, ನಿಜ. ಆದರೆ ಬಾಗಿಲು ತೆರೆದಿದೆ ಎಂಬ ನಂಬಿಕೆಯನ್ನು ಜೀವಂತ ಇಡಲು ಅಷ್ಟು ಸಾಕು. ಗಾಲ್ಫಿನ ಎಲ್ಲ ಗೌರವ ನಿಂತಿರುವುದು ಸ್ಕೋರ್ ಕಾರ್ಡಿನಲ್ಲಿ ಬರೆದ ಸಂಖ್ಯೆ ಆಡಿದವನ ಹೆಸರನ್ನು ಕೇಳುವುದಿಲ್ಲ ಎಂಬ ನಂಬಿಕೆಯ ಮೇಲೆ.

ಲಿವ್ ಗಾಲ್ಫ್ ಎಡವಿದ್ದು ಇಲ್ಲಿ. ಅಲ್ಲಿನ ಸ್ಥಾನಗಳಲ್ಲಿ ಬಹುಪಾಲು ಒಪ್ಪಂದದಿಂದ ಬಂದವು, ಸ್ಕೋರಿನಿಂದಲ್ಲ. 2023ರ ಅಕ್ಟೋಬರಿನಲ್ಲಿ ವಿಶ್ವ ರ‍್ಯಾಂಕಿಂಗ್ ಮಂಡಳಿ ಲಿವ್‌ನ ಅರ್ಜಿಯನ್ನು ತಿರಸ್ಕರಿಸಿದಾಗ ಅದರ ಅಧ್ಯಕ್ಷ ಪೀಟರ್ ಡಾಸನ್ ಕೊಟ್ಟ ಮುಖ್ಯ ಕಾರಣವೂ ಇದೇ: ಒಳಗೆ ಬರುವ ಹೊರಗೆ ಹೋಗುವ ದಾರಿಗಳು ಸಾಲವು. ಅಲ್ಲಿನ ಆಟಗಾರರ ಯೋಗ್ಯತೆಯನ್ನು ಅವರು ಅಲ್ಲಗಳೆಯಲಿಲ್ಲ. ಅಲ್ಲಗಳೆಯುವಂತೆಯೂ ಇರಲಿಲ್ಲ, ಅದೇ ವರ್ಷದ ಮೇ ತಿಂಗಳಲ್ಲಿ ಬ್ರೂಕ್ಸ್ ಕೆಪ್ಕ ಲಿವ್ ಆಟಗಾರರಾಗಿದ್ದುಕೊಂಡೇ, ಪಿಜಿಎ ಆಫ್ ಅಮೆರಿಕ ನಡೆಸುವ ಪಿಜಿಎ ಚಾಂಪಿಯನ್‌ಷಿಪ್ ಗೆದ್ದಿದ್ದರು. ಮರುವರ್ಷ ಬ್ರೈಸನ್ ಡಿಷಾಂಬೋ ಪೈನ್‌ಹರ್ಸ್ಟ್‌ನಲ್ಲಿ ಯುಎಸ್ ಓಪನ್ ಗೆದ್ದರು. ಲೀಗ್ ತನ್ನನ್ನು ಸ್ವಲ್ಪ ತಿದ್ದಿಕೊಂಡದ್ದನ್ನೂ ಹೇಳಲೇಬೇಕು. ಸೆಂಚುರಿಯನ್‌ನಲ್ಲಿ ಕೊನೆಯ ಸ್ಥಾನಕ್ಕೆ ಬಿದ್ದ ಆಂಡಿ ಓಗಲ್‌ಟ್ರೀ ಲೀಗಿನಲ್ಲಿ ಉಳಿಯಲಿಲ್ಲ. ಏಷ್ಯನ್ ಟೂರ್‌ನ ಇಂಟರ್‌ನ್ಯಾಷನಲ್ ಸೀರೀಸ್ ಪಂದ್ಯಗಳನ್ನಾಡಿ, 2023ರಲ್ಲಿ ಆ ಶ್ರೇಯಾಂಕದ ಮೊದಲ ಸ್ಥಾನ ಪಡೆದು, ಆ ಬಲದಿಂದಲೇ ಮರುವರ್ಷ ಲಿವ್‌ಗೆ ಮರಳಿದರು. 2025ರ ಋತುವಿನ ಕೊನೆಗೆ, 2016ರ ಓಪನ್ ವಿಜೇತ ಹೆನ್ರಿಕ್ ಸ್ಟೆನ್ಸನ್ ಅಂಥವರೂ 49ನೇ ಸ್ಥಾನಕ್ಕೆ ಕುಸಿದು ಹೊರಬಿದ್ದರು. 2026ರಿಂದ 72 ಹೋಲ್‌ಗೆ ಮರಳುವುದಾಗಿಯೂ ಲೀಗ್ ಪ್ರಕಟಿಸಿತು. ತಾನು ಧಿಕ್ಕರಿಸಿ ಹೊರಟ ಅಳತೆಗೋಲಿಗೆ ಲೀಗ್ ಮರಳಿ ಬಂದದ್ದೇ ಆ ಅಳತೆಗೋಲಿನ ಬೆಲೆಗೆ ಸಾಕ್ಷಿ.

ಐಪಿಎಲ್‌ನಲ್ಲೂ ತಂಡಗಳು ಮುಚ್ಚಿದ ಗುಂಪೇ ಅಲ್ಲವೇ, ಅಮೆರಿಕದ ಬ್ಯಾಸ್ಕೆಟ್‌ಬಾಲ್‌ ಲೀಗಿನಲ್ಲೂ ಅಲ್ಲವೇ, ಅಲ್ಲಿ ಇಲ್ಲದ ಕೊರತೆ ಗಾಲ್ಫಿಗೇಕೆ ಎಂದು ಕೇಳಬಹುದು. ತಂಡದ ಆಟದಲ್ಲಿ ಘಟಕ ತಂಡ. ತಂಡದ ಹೆಸರು ಖಾಯಂ, ಅದರೊಳಗಿನ ಆಟಗಾರರು ಹರಾಜಿನಲ್ಲೋ ಆಯ್ಕೆಯಲ್ಲೋ ವರ್ಷ ವರ್ಷ ಬದಲಾಗುತ್ತಾರೆ. ಐಪಿಎಲ್‌ನ ಬೇರು ರಣಜಿ ಮತ್ತು ರಾಜ್ಯ ಲೀಗುಗಳಲ್ಲಿದೆ. ಗಾಲ್ಫಿನಲ್ಲಿ ಆಟಗಾರನೇ ಘಟಕ. ಅವನ ಸ್ಥಾನವನ್ನು ಖಾಯಂ ಮಾಡಿದರೆ ಸ್ಪರ್ಧೆಯೇ ಪ್ರದರ್ಶನವಾಗುತ್ತದೆ. ಪ್ರದರ್ಶನಕ್ಕೂ ಜನ ಸೇರುವುದುಂಟು: ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಲಿವ್ ಪಂದ್ಯಕ್ಕೆ ಜನಸಾಗರವೇ ಬಂತು, ಏಕೆಂದರೆ ದೊಡ್ಡ ಆಟಗಾರರನ್ನು ಕಾಣದೆ ಹಸಿದಿದ್ದ ಊರು ಅದು. ಆದರೆ ವಾರ ವಾರವೂ ದೊಡ್ಡ ಗಾಲ್ಫ್ ನೋಡುವ ಅಮೆರಿಕದ ಟಿವಿ ಪ್ರೇಕ್ಷಕ ಅಷ್ಟಾಗಿ ಒಲಿಯಲಿಲ್ಲ. ಸೋತರೆ ಏನು ಕಳೆದುಕೊಳ್ಳುತ್ತಾರೆ ಎಂದು ತಿಳಿಯದ ಆಟವನ್ನು ನೋಡುಗ ಎದೆಗೆ ಹಚ್ಚಿಕೊಳ್ಳುವುದು ಕಷ್ಟ.

ನನಗೆ ಹೆಚ್ಚು ಕಳವಳ ತರುವುದು ಹಳೆಯ ಟೂರ್ ಕೊಟ್ಟ ಉತ್ತರ. ಅಗ್ರ ಆಟಗಾರರು ಕೈಬಿಟ್ಟು ಹೋಗದಿರಲೆಂದು ಅದು ತಲಾ 2 ಕೋಟಿ ಡಾಲರ್ ಬಹುಮಾನದ ವಿಶೇಷ ಟೂರ್ನಿಗಳನ್ನು ಶುರುಮಾಡಿತು. ಅವುಗಳಲ್ಲಿ ಎಪ್ಪತ್ತು ಎಂಬತ್ತು ಆಟಗಾರರಿಗಷ್ಟೇ ಜಾಗ. ಹೆಚ್ಚಿನವುಗಳಲ್ಲಿ ಕಟ್ ಕೂಡ ಇಲ್ಲ. 2024ರ ನವೆಂಬರಿನಲ್ಲಿ ಟೂರ್ ಇನ್ನಷ್ಟು ಬದಲಾವಣೆಗೆ ಒಪ್ಪಿಗೆ ಕೊಟ್ಟಿತು. 2026ರಿಂದ ಪೂರ್ಣ ಕಾರ್ಡ್ 125ರ ಬದಲು 100 ಜನರಿಗೆ. ಕೆಳಹಂತದ ಕಾರ್ನ್ ಫೆರಿ ಟೂರ್‌ನಿಂದ ಬಡ್ತಿ 30ರ ಬದಲು 20 ಜನರಿಗೆ. ಟೂರ್ನಿಯ ಗರಿಷ್ಠ ಆಟಗಾರರ ಸಂಖ್ಯೆ 156ರಿಂದ 144ಕ್ಕೆ. ಸೋಮವಾರದ ನಾಲ್ಕು ಸ್ಥಾನಗಳು 144 ಜನರ ಟೂರ್ನಿಗಳಲ್ಲಿ ಉಳಿದವು, 132 ಜನರ ಕಡೆ ಎರಡಾದವು, 120 ಜನರ ಕಡೆ ಇಲ್ಲವಾದವು. ಆಟ ತುಂಬ ನಿಧಾನವಾಗಿದೆ, ಕತ್ತಲಾಗುವ ಮೊದಲು ಸುತ್ತು ಮುಗಿಯುತ್ತಿಲ್ಲ ಎಂಬ ಕಾರಣ ಕೊಟ್ಟರು. ಅದು ಸುಳ್ಳಲ್ಲ. ಆದರೆ ನಿಧಾನವಾಗಿ ಆಡುವವನಿಗೆ ದಂಡ ಹಾಕಿ ಸರಿಪಡಿಸಬಹುದಾದ ತೊಂದರೆಗೆ ಬಡ ಆಟಗಾರನ ಬಾಗಿಲನ್ನು ಕಿರಿದು ಮಾಡುವುದು ಪರಿಹಾರವಲ್ಲ. ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎನ್ನುತ್ತಾರೆ. ಇಲ್ಲಿ ಇಬ್ಬರಿಗೂ ಅಷ್ಟಿಷ್ಟು ಲಾಭವಾಗಿ, ಹೊರಗೆ ನಿಂತ ಮೂರನೆಯವನು ನಷ್ಟ ಹೊತ್ತಿದ್ದಾನೆ.

ಈ ಮೂರನೆಯವನು ನಮಗೆ ದೂರದವನಲ್ಲ. ಬೆಂಗಳೂರಿನಲ್ಲಿ ನೆಲೆಸಿ ಬೆಳೆದ ಅನಿರ್ಬನ್ ಲಾಹಿರಿ 2022ರ ಮಾರ್ಚಿನಲ್ಲಿ ಪ್ಲೇಯರ್ಸ್ ಚಾಂಪಿಯನ್‌ಷಿಪ್‌ನಲ್ಲಿ ಕ್ಯಾಮರನ್ ಸ್ಮಿತ್ ಅವರಿಗಿಂತ ಒಂದೇ ಹೊಡೆತ ಹಿಂದೆ ಬಿದ್ದು ಎರಡನೆಯವರಾದರು. ಆ ಆಗಸ್ಟಿನಲ್ಲಿ ಇಬ್ಬರೂ ಲಿವ್ ಸೇರಿದರು. ಬಾಸ್ಟನ್ ಬಳಿಯ ತಮ್ಮ ಮೊದಲ ಪಂದ್ಯದಲ್ಲೇ ಲಾಹಿರಿ ಪ್ಲೇಆಫ್‌ವರೆಗೆ ಹೋದರು. ಅವರ ಆಯ್ಕೆಯನ್ನು ದೂರುವ ಹಕ್ಕು ನಮಗಿಲ್ಲ. ಅವರು ಆಗಲೇ ಒಳಗಿದ್ದವರು. ಆದರೆ ಬಿಡದಿಯ ಈಗಲ್ಟನ್ ಕೋರ್ಸಿನ ಪಕ್ಕದ ಹಳ್ಳಿಯಿಂದ ಬಂದು, ಅಲ್ಲೇ ಆಟ ಕಲಿತು ವೃತ್ತಿಪರರಾದ ಎಸ್. ಚಿಕ್ಕರಂಗಪ್ಪ ಅವರಂಥವರ ದಾರಿ ಬೇರೆ. ದೇಶದ ಟೂರ್, ಅಲ್ಲಿಂದ ಏಷ್ಯನ್ ಟೂರ್, ಅಲ್ಲಿಂದ ಮೇಲೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಲಿವ್ ಏಷ್ಯನ್ ಟೂರ್‌ಗೆ ಹತ್ತು ವರ್ಷಗಳಲ್ಲಿ 30 ಕೋಟಿ ಡಾಲರ್ ಹಾಕುವುದಾಗಿ ಘೋಷಿಸಿದ್ದು, 2025ರ ಆರಂಭದಲ್ಲಿ ಗುರುಗ್ರಾಮದಲ್ಲಿ ಇಂಟರ್‌ನ್ಯಾಷನಲ್ ಸೀರೀಸ್ ಪಂದ್ಯ ನಡೆದದ್ದು ಈ ಮೆಟ್ಟಿಲುಗಳಿಗೆ ಬಂದ ಬಲ. ಅದನ್ನು ಮನಸಾರೆ ಸ್ವಾಗತಿಸಬೇಕು. ಆದರೆ ಮೆಟ್ಟಿಲು ಎಷ್ಟು ಗಟ್ಟಿಯಿದ್ದರೇನು, ಕೊನೆಯ ಬಾಗಿಲಿನಲ್ಲಿ ಒಬ್ಬಿಬ್ಬರಿಗಷ್ಟೇ ಜಾಗವಿದ್ದರೆ?

ಇನ್ನು ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ: ಈ ಹಣ ಯಾರದು? ಪತ್ರಕರ್ತ ಜಮಾಲ್ ಖಶೋಗಿ ಅವರ ಕೊಲೆಯ ಕಳಂಕ ಹೊತ್ತ ಸೌದಿ ಆಡಳಿತ ಆಟದ ನೀರಿನಲ್ಲಿ ಕೈ ತೊಳೆಯುತ್ತಿದೆ ಎಂಬ ಆರೋಪವನ್ನು ಹಗುರವಾಗಿ ಕಾಣಲಾಗದು. ವ್ಯಾಪಾರದ ಲೆಕ್ಕಕ್ಕೂ ಈ ಹಣ ನಿಲುಕುವುದಿಲ್ಲ; ಲೀಗಿನ ಅಮೆರಿಕದ ಹೊರಗಿನ ವ್ಯವಹಾರ ನೋಡುವ ಬ್ರಿಟಿಷ್ ಕಂಪನಿಯೊಂದೇ 2023ರಲ್ಲಿ ಸುಮಾರು 39 ಕೋಟಿ ಡಾಲರ್ ನಷ್ಟ ತೋರಿಸಿತು. ಆದರೆ ಎರಡು ಮಾತು ಹೇಳಬೇಕಾಗಿದೆ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಮಡಿದವರ ಕುಟುಂಬಗಳ ನೋವನ್ನು 2022ರಲ್ಲಿ ನೆನಪಿಸಿ ಆಟಗಾರರನ್ನು ಪ್ರಶ್ನಿಸಿದ ಟೂರ್ ಒಂದೇ ವರ್ಷದಲ್ಲಿ ಅದೇ ನಿಧಿಯೊಡನೆ ಕೈಕುಲುಕಿತು. ನೀತಿಯ ಮಾತು ಎಲ್ಲರಿಗೂ ಎಲ್ಲ ಕಾಲಕ್ಕೂ ಒಂದೇ ಆಗಿರದಿದ್ದರೆ ನೊಂದವರಿಗೆ ಅದರಿಂದ ಎರಡನೆಯ ಗಾಯವಾಗುತ್ತದೆ. ಇನ್ನೊಂದು, ಇಂಥ ಎದುರಾಳಿಯೇ ಏಕೆ ಬಂದ ಎಂಬುದನ್ನು ಟೂರ್ ತನ್ನನ್ನೇ ಕೇಳಿಕೊಳ್ಳಬೇಕು. ಲಿವ್‌ಗೆ ಮೊದಲು ಬ್ರಿಟನ್ನಿನಲ್ಲಿ ರೂಪುಗೊಂಡ ಪ್ರೀಮಿಯರ್ ಗಾಲ್ಫ್ ಲೀಗ್ ಎಂಬ ಯೋಜನೆ ಆಟಗಾರರಿಗೆ ಪಾಲು ಕೊಡುವ ಮಾತನಾಡುತ್ತಿತ್ತು. ಟೂರ್‌ಗಳ ಒಪ್ಪಿಗೆ ಸಿಗದೆ ಅದು ಕಾಗದದಲ್ಲೇ ಉಳಿಯಿತು. ಹೊರಗೆ ಕಾಲಿಟ್ಟವನ ವೃತ್ತಿಜೀವನವೇ ಮುಗಿಯುತ್ತದೆ ಎಂಬ ಭಯವಿದ್ದಾಗ, ಇಡೀ ವೃತ್ತಿಜೀವನದ ಬೆಲೆಯನ್ನು ಮುಂಗಡ ತೆರಬಲ್ಲವನು ಮಾತ್ರ ಪೈಪೋಟಿಗೆ ಇಳಿಯಬಲ್ಲ. ಲಾಭ ನಷ್ಟ ನೋಡುವ ಸಾಮಾನ್ಯ ಉದ್ಯಮಿಗೆ ಅದು ಆಗದ ಕೆಲಸ. ಲೆಕ್ಕ ಒಪ್ಪಿಸಬೇಕಿಲ್ಲದ ರಾಜ್ಯದ ಬೊಕ್ಕಸಕ್ಕೆ ಮಾತ್ರ ಅದು ಸಾಧ್ಯ. ಕಟ್ಟುಪಾಡು ಬಿಗಿಯಾದಷ್ಟೂ ಅದನ್ನು ಮುರಿಯಬಲ್ಲವರ ಪಟ್ಟಿ ಕಿರಿದಾಗುತ್ತದೆ, ಆ ಕಿರಿದಾದ ಪಟ್ಟಿಯಲ್ಲಿ ನಾವು ಮೆಚ್ಚುವಂಥವರು ಉಳಿಯುವುದಿಲ್ಲ.

ಹಾಗಾದರೆ ಆಗಬೇಕಾದದ್ದೇನು? ಮಾದರಿ ಗಾಲ್ಫಿನೊಳಗೇ ಇದೆ. ಯುಎಸ್ ಓಪನ್‌ಗೆ ವರ್ಷಕ್ಕೆ ಹತ್ತು ಸಾವಿರದಷ್ಟು ಜನ ಅರ್ಜಿ ಹಾಕುತ್ತಾರೆ. ಆಡುವ ಸ್ಥಾನಗಳಲ್ಲಿ ಒಂದು ಭಾಗ ಹಿಂದಿನ ಸಾಧನೆಯಿಂದ ಬಂದವರದು, ಉಳಿದದ್ದು ಅರ್ಹತಾ ಸುತ್ತುಗಳಿಂದ ಗೆದ್ದು ಬಂದವರದು. ಯಾರು ಯಾವ ಲೀಗಿಗೆ ಸಹಿ ಮಾಡಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಟೂರ್‌ಗಳೂ ಲೀಗೂ ಇದೇ ತತ್ವವನ್ನು ಎರಡು ನಿಯಮಗಳಲ್ಲಿ ಬರೆದುಕೊಳ್ಳಬಹುದು. ಆಟಗಾರನಿಗೆ ಹೊರಗೆ ಆಡಲು ವರ್ಷಕ್ಕೆ ಇಷ್ಟು ವಾರ ಎಂದು ಮೊದಲೇ ಗೊತ್ತುಮಾಡಿ, ಮೀರಿದರೆ ಮಿತಿಯಿರುವ ದಂಡ ಹಾಕಿ, ಅನುಮತಿ ನಿರಾಕರಿಸಿದರೆ ಸ್ವತಂತ್ರ ಮಂಡಳಿಯ ಮುಂದೆ ಮೇಲ್ಮನವಿಗೆ ಅವಕಾಶ ಕೊಡುವುದು ಒಂದು. ಪ್ರತಿಯೊಂದು ಟೂರ್ನಿಯಲ್ಲೂ, ಅದರ ಬಹುಮಾನ ಎಷ್ಟೇ ದೊಡ್ಡದಿರಲಿ, ಗೊತ್ತಾದ ಪಾಲು ಸ್ಥಾನಗಳನ್ನು ಮುಕ್ತ ಅರ್ಹತೆಗೆ ಮೀಸಲಿಡುವುದು ಇನ್ನೊಂದು. ವಿಶ್ವ ರ‍್ಯಾಂಕಿಂಗ್ ಅಂಕ ಪಡೆಯಲು ಈ ಎರಡೂ ಕಡ್ಡಾಯ ಷರತ್ತಾಗಲಿ. ಯಾರ ಹಣ ಯಾರ ಕೈಸೇರಬೇಕು ಎಂಬುದನ್ನು ಹೂಡಿಕೆದಾರರು ಕೂತು ಬಗೆಹರಿಸಿಕೊಳ್ಳಲಿ. ನಾಳೆ ಮತ್ತೊಂದು ರಾಜಿ ಪ್ರಕಟವಾದಾಗ ನಾವು ಮೊದಲು ನೋಡಬೇಕಾದದ್ದು ಮೊತ್ತವನ್ನಲ್ಲ, ಕಾರ್ಡ್ ಇಲ್ಲದವನಿಗೆ ಅದರಲ್ಲಿ ಎಷ್ಟು ಸ್ಥಾನ ಬರೆದಿದ್ದಾರೆ ಎಂಬುದನ್ನು.